ಮಡಚಿಟ್ಟ ಹಸಿರು ತಂತಿ

ಮನೆ ಇದೇ ಎಂದು ಗೊತ್ತಾದ ಮೇಲೂ ನಿಂಗರಾಜು ಬೀದಿಯ ಕೊನೆಯವರೆಗೆ ಎರಡು ಸಲ ಹೋಗಿ ಬಂದ. ಹೆಗಲಿಗೆ ಸಾಮಾನಿನ ಚೀಲ, ಕೈಯಲ್ಲಿ ಹೊಸ ಸ್ವಿಚ್ಚು, ಸಾಕೆಟ್ಟುಗಳ ರಟ್ಟಿನ ಡಬ್ಬ; ಕಳ್ಳನಂತೂ ಅಲ್ಲ, ಕರೆದರೆಂದೇ ಬಂದವನು. ಫೋನು ಮಾಡಿದ್ದು ಶಿವಾನಿ ಎಂಬ ಸ್ಕೂಲ್ ಟೀಚರು. ಕಳೆದ ಬೇಸಿಗೆ ರಜೆಯಲ್ಲಿ ಅವಳ ಸ್ಕೂಲಿನ ಬೋರ್ಡುಗಳನ್ನೆಲ್ಲ ಇವನು ಬದಲಿಸಿದ್ದನ್ನು ನೋಡಿ ನಂಬರು ಇಟ್ಟುಕೊಂಡಿದ್ದಳಂತೆ. ಮನೆ ಸ್ವಿಚ್ಚುಗಳೆಲ್ಲ ಸವೆದು ಕೂತಿವೆ ಅಣ್ಣ, ಒಂದು ದಿನ ಬಂದು ಎಲ್ಲ ಹೊಸದು ಹಾಕಿಕೊಡಿ ಅಂದಿದ್ದಳು. ಬೀದಿಯ ಗುರುತು ಹೇಳಿದಾಗ ಬರಲಾಗುವುದಿಲ್ಲ ಎಂದು ಹೇಳಿಬಿಡಲು ಹೊರಟದ್ದು ನಿಜ. ಆದರೆ ಆ ಬೀದಿಯಲ್ಲಿ ಅರವತ್ತು ಮನೆಗಳಿವೆ, ಅದೇ ಮನೆ ಯಾಕಾಗಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ನಂಜನಗೂಡಿನಲ್ಲಿ ಬಸ್ಸು ಹತ್ತಿ ತಿ. ನರಸೀಪುರದಲ್ಲಿ ಇಳಿಯುವವರೆಗೂ ಆ ಸಮಾಧಾನ ಹೇಗೋ ಬಾಳಿಕೆ ಬಂತು. ಈಗ ಎದುರಿಗೆ ಎರಡು ಕಲ್ಲುಕಂಬ. ಮುಂದೆ ಕಬ್ಬಿಣದ ಗ್ರಿಲ್ಲು ಬಂದಿದೆ, ಜಗುಲಿಗೆ ಟೈಲ್ಸು ಬಂದಿದೆ, ಗೋಡೆಗೆ ಅದೆಂಥದೋ ಗುಲಾಬಿ ಬಣ್ಣ. ಕಂಬಗಳು ಮಾತ್ರ ಇಪ್ಪತ್ತಾರು ವರ್ಷದ ಹಿಂದೆ ಎಲ್ಲಿದ್ದವೋ ಅಲ್ಲೇ ನಿಂತಿದ್ದವು. ಮೂರನೆಯ ಸಲ ಮುಂದೆ ಹೋಗಬೇಕು ಅನ್ನುವಷ್ಟರಲ್ಲಿ ಗ್ರಿಲ್ಲಿನ ಒಳಗಿಂದ, "ಸ್ವಿಚ್ ಹಾಕೋರಲ್ವಾ? ಇಲ್ಲೇ ಬನ್ನಿ ಅಣ್ಣ. ಆಗ್ಲಿಂದ ನೋಡ್ತಿದೀನಿ, ದಾಟಿ ದಾಟಿ ಹೋಗ್ತಿದೀರಲ್ಲ" ಎಂಬ ದನಿ ಕೇಳಿತು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬಂದ. ನಡುಮನೆಯಲ್ಲಿ ಶಿವಾನಿಯ ಅತ್ತೆ ಮಂಗಳಮ್ಮ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದರು. ಹಣೆಯ ವಿಭೂತಿ ಅದೇ. ಕೂದಲು ಬೆಳ್ಳಗಾಗಿದೆ, ಕೈ ತೆಳ್ಳಗಾಗಿದೆ, ದನಿ ಮಾತ್ರ ಒಂದಿಷ್ಟೂ ಇಳಿದಿಲ್ಲ. ತಲೆ ಎತ್ತಿ, "ಯಾವೂರಪ್ಪ ನಿಂದು?" ಅಂದರು. ಆ ಪ್ರಶ್ನೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ನಿಂಗರಾಜುವಿಗೆ ಬುದ್ಧಿ ಬಂದಾಗಿನಿಂದ ಗೊತ್ತು. "ಹೆಡತಲೆ ಕಣ್ರವ್ವ. ಈಗ ನಂಜನಗೂಡಲ್ಲೇ ಇರದು" ಎಂದು ಹೇಳಿ ಮುಂದಿನ ಪ್ರಶ್ನೆಗೆ ಕಾದ. ಅದು ಬರಲಿಲ್ಲ. ಮುದುಕಿ ಒಂದು ಕಾಯಿಯನ್ನು ಬೆರಳಲ್ಲಿ ಒತ್ತಿ, ಹುಳು ಕಂಡು ಪಕ್ಕಕ್ಕೆ ಎಸೆದು, "ಅಡಿಗೆಮನೆದು ಕೊನೆಗಿರಲಿ, ಮೊದ್ಲು ಈಚೆದೆಲ್ಲ ಮಾಡ್ಲಿ" ಎಂದು ಸೊಸೆಗೆ ಹೇಳಿದರು. ಗುರುತು ಸಿಕ್ಕಿರಲಿಲ್ಲ. ಬದುಕಿದೆ ಅನ್ನಿಸಿತು. ಅನ್ನಿಸಿದ ಮರುಗಳಿಗೆಯಲ್ಲೇ ಸಿಟ್ಟೂ ಬಂತು. ಇಪ್ಪತ್ತಾರು ವರ್ಷ ತಾನು ಹೊತ್ತು ತಿರುಗಿದ್ದು ಇವರ ನೆನಪಿನಲ್ಲಿ ಇಲ್ಲವೇ ಇಲ್ಲವಲ್ಲ. ಮುಖ ನೋಡಿದ್ದರೆ ತಾನೆ ನೆನಪಿರಲು ಎಂದುಕೊಂಡು ಜಗುಲಿಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿದ.

ಸ್ವಿಚ್ಚು ನೋಡಿದರೆ ಮನೆ ಗೊತ್ತಾಗುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಎಷ್ಟು ಮನೆ, ಎಷ್ಟು ಅಂಗಡಿ, ಎಷ್ಟು ಲಾಡ್ಜು ನೋಡಿಲ್ಲ ಅವನು. ಗಂಡಹೆಂಡಿರ ಕೋಣೆಯಲ್ಲಿ ಫ್ಯಾನಿನ ಸ್ವಿಚ್ಚು ಒಂದೇ ಕಡೆಯಿಂದ ಸವೆದಿದ್ದರೆ ಎದ್ದು ಹೋಗಿ ಆರಿಸುವವರು ಯಾವಾಗಲೂ ಒಬ್ಬರೇ ಎಂದರ್ಥ, ಆ ಒಬ್ಬರು ಯಾರೆಂದು ಕೇಳುವುದೂ ಬೇಡ. ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಆಳನ್ನು ಕರೆಯುವ ಬೆಲ್ಲಿನ ಗುಂಡಿ ಪೂರಾ ಗುಳಿ ಬಿದ್ದಿತ್ತು, ಪಕ್ಕದ ದೀಪದ ಸ್ವಿಚ್ಚು ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿತ್ತು. ಸಾಹುಕಾರರಿಗೆ ಕತ್ತಲೆಯೇ ಲೇಸು ಎಂದು ಅವನು ಹೊರಗೆ ಬಂದು ನಕ್ಕಿದ್ದ. ಇಲ್ಲಿ ದೇವರಮನೆ ಹೊರಗಿನ ಸ್ವಿಚ್ಚಿಗೆ ವಿಭೂತಿ ಬೆರಳು ಮೆತ್ತಿ ಮೆತ್ತಿ ಕರೀ ಬಣ್ಣ ಬೂದಿಯಾಗಿದೆ. ನಡುಮನೆ ಸಾಕೆಟ್ಟಿನ ತೂತುಗಳು ಸಡಿಲಾಗಿ ಪಿನ್ನು ನಿಲ್ಲುವುದಿಲ್ಲ, ಯಾರೋ ಬೆಂಕಿಕಡ್ಡಿ ತುರುಕಿದ್ದಾರೆ. ಕಡ್ಡಿ ಕಿತ್ತು, ಮುಚ್ಚಳ ತೆಗೆಯಲು ಸ್ಕ್ರೂಡ್ರೈವರ್ ಇಟ್ಟವನ ಕೈ ನಿಂತಿತು. ನಾಲ್ಕೂ ಸ್ಕ್ರೂಗಳ ತಲೆಯ ಗೀರುಗಳು ನೆಟ್ಟಗೆ ಮೇಲಿನಿಂದ ಕೆಳಕ್ಕೆ ನಿಂತಿದ್ದವು. ಕೆಲಸ ಕಲಿತ ಹೊಸದರಲ್ಲಿ ಅವನಿಗೆ ಆ ಹುಚ್ಚಿತ್ತು, ಬಿಗಿ ಮಾಡಿದ ಮೇಲೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲಬೇಕು. ಯಾರೂ ನೋಡುತ್ತಿರಲಿಲ್ಲ, ಆದರೂ ನಿಲ್ಲಿಸುತ್ತಿದ್ದ. ಇವನ್ನು ಬಿಗಿ ಮಾಡಿದ್ದ ಹತ್ತೊಂಬತ್ತು ವರ್ಷದ ಆ ಹುಡುಗನ, ಅಂದಿನ ತನ್ನ ಮೇಲೆ ಅವನಿಗೆ ಪ್ರೀತಿ ಉಕ್ಕಿ ಬಂತು. ಅಷ್ಟು ಶ್ರದ್ಧೆ ಇದ್ದವನೇ ಅಷ್ಟು ಕೆಟ್ಟ ಕೆಲಸವನ್ನೂ ಮಾಡಿದ. ಎರಡೂ ಒಂದೇ ವಾರದಲ್ಲಿ, ಒಂದೇ ಮನೆಯಲ್ಲಿ.

ಆಗ ಇಡೀ ಮನೆಯ ವೈರಿಂಗ್ ಮುಗಿದು ಕೊನೆಗೆ ಉಳಿದದ್ದು ಅಡಿಗೆಮನೆಯ ಒಂದು ಪ್ಲಗ್ ಪಾಯಿಂಟು. ಅವತ್ತು ಏನೋ ಪೂಜೆ, ಒಳಗೆ ಅಡಿಗೆ ನಡೆಯುತ್ತಿತ್ತು. ಯಜಮಾನರಾದ ಸಿದ್ದಮಲ್ಲಪ್ಪನವರು, "ನೀನು ಇಲ್ಲೇ ನಿಂತು ಹೇಳಪ್ಪ, ನಮ್ಮುಡುಗ ಹಾಕ್ಕೋತಾನೆ" ಅಂದರು. ಒಳಗೆ ಬಿಡದಿರುವುದು ಅವನಿಗೆ ಹೊಸದಲ್ಲ. ಆದರೆ ಒಳಗಿಂದಲೇ ಯಾರೋ ಒಬ್ಬ ಹೆಂಗಸು ಬಾಗಿಲಿಗೆ ಅಡ್ಡಲಾಗಿ ಒಂದು ಹಳೇ ಸೀರೆ ಕಟ್ಟಿದಳು. ಇವನ ಕಣ್ಣು ಅಡಿಗೆಯ ಮೇಲೆ ಬೀಳಬಾರದು. ತಿಳಿಹಳದಿ ಸೀರೆ, ಕಂದು ಅಂಚು. ಅದರ ಬಟ್ಟೆಯ ಎಳೆ ಎಳೆಯೂ ಇವತ್ತಿಗೂ ನೆನಪಿದೆ. ಆ ಸೀರೆಗೆ ಅವನು ವೈರಿಂಗ್ ಹೇಳಿಕೊಟ್ಟ. ಕೆಂಪು ಬಲಕ್ಕೆ, ಕಪ್ಪು ಎಡಕ್ಕೆ, ತುದಿ ಸುಲಿದು ಚೆನ್ನಾಗಿ ತಿರುಚಿ, ಆಮೇಲೆ ಬಿಗಿ ಮಾಡಿ. ಆಚೆ ಕಡೆ ಮನೆಯ ಮಗ ಮಹದೇವ, ಹದಿನಾಲ್ಕು ವರ್ಷದವನು, ಹೂಂ ಹೂಂ ಅನ್ನುತ್ತ ಹಾಕುತ್ತಿದ್ದ. ಹುಡುಗನ ದನಿಯಲ್ಲಿ ಆಸೆಯಿತ್ತು, ಕಲಿಯುವ ಆಸೆ, ಅದು ಬಟ್ಟೆಯ ಈಚೆಗೂ ಗೊತ್ತಾಗುತ್ತಿತ್ತು. ಒಳಗೆ ಹೆಂಗಸರು ಏನೋ ಮಾತಾಡಿಕೊಂಡು ಕಿಸಕ್ಕನೆ ನಕ್ಕರು. ಹುಡುಗ ಕೇಳಿದ: ಈ ಹಸಿರು ವೈರ್ ಏನು ಮಾಡ್ಲಿ? ಹಸಿರು ಅರ್ತಿನ ತಂತಿ. ಮಿಕ್ಸಿಯದೋ ಗ್ರೈಂಡರಿನದೋ ಮೈಗೆ ಕರೆಂಟು ಹತ್ತಿದರೆ ಅದನ್ನು ಮನುಷ್ಯನ ಮೇಲೆ ಬಿಡದೆ ಮಣ್ಣಿಗೆ ಒಯ್ಯುವ ತಂತಿ. ಹಿತ್ತಿಲಲ್ಲಿ ಆಳುದ್ದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಅದಕ್ಕೇ ಎರಡು ದಿನ ಬೆವರು ಸುರಿಸಿದ್ದವನು ಅವನೇ. "ಅದು ಬ್ಯಾಡ. ಮಡಚಿ ಒಳಕ್ಕೆ ತಳ್ಳಿ" ಅಂದುಬಿಟ್ಟ.

ಅಂದಾಗ ಸುಖವಾಗಿತ್ತು. ಅದನ್ನು ಅವನು ತನ್ನಿಂದ ಎಂದೂ ಮುಚ್ಚಿಟ್ಟುಕೊಂಡಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಗೆ ತಲೆ ಆನಿಸಿ ಒಬ್ಬನೇ ನಕ್ಕಿದ್ದ. ಬೆಳಗಾಗುವಷ್ಟರಲ್ಲಿ ಯಾರಾದರೂ ಸತ್ತರೆ ಎಂಬ ಭಯ ಹಿಡಿದಿತ್ತು. ಆ ವರ್ಷ ಮೂರು ಸಲ ಈ ಬೀದಿಯವರೆಗೆ ಬಂದು ಹಿಂದಿರುಗಿದ. ಏನೆಂದು ಬಾಗಿಲು ತಟ್ಟುವುದು, ನಿಮ್ಮ ಸೀರೆ ಬಿಚ್ಚಿ, ಒಳಗೆ ಹೋಗಬೇಕು ಎಂದೇ? ಆಮೇಲೆ ಬರುವುದನ್ನೇ ಬಿಟ್ಟ. ನರಸೀಪುರದಲ್ಲಿ ಯಾರಿಗೋ ಕರೆಂಟು ಹೊಡೆಯಿತಂತೆ ಎಂದು ಸುದ್ದಿ ಬಂದರೆ ಮಾತ್ರ ಯಾವ ಬೀದಿ, ಯಾವ ಬೀದಿ ಎಂದು ಕೇಳುತ್ತಿದ್ದ. ಭಾನುವಾರ ಬುದ್ಧವಿಹಾರದಲ್ಲಿ ಎಲ್ಲರೂ ಕೂತು ಪಂಚಶೀಲ ಹೇಳುವಾಗ ನಾಲ್ಕನೆಯದಕ್ಕೆ, ಸುಳ್ಳಾಡುವುದಿಲ್ಲ ಎಂಬುದಕ್ಕೆ, ಅವನ ದನಿ ತಾನಾಗಿ ತಗ್ಗುತ್ತದೆ. ಪಕ್ಕದಲ್ಲಿ ಕೂರುವ ಹೆಂಡತಿ ರಂಜಿನಿ ಅದು ಕೆಮ್ಮು ಅಂದುಕೊಂಡಿದ್ದಾಳೆ. ಮಗಳು ಗೌತಮಿ ಡಿಪ್ಲೊಮಾ ಓದಲು ಸೇರಿದ ವರ್ಷ ಊಟಕ್ಕೆ ಕೂತಾಗ, "ಅಪ್ಪಾ, ಅರ್ತ್ ಕೊಡದೆ ಪಾಯಿಂಟ್ ಹಾಕೋರೂ ಇರ್ತಾರಂತೆ, ಎಂಥಾ ಜನ ಅಲ್ವಾ ಅವ್ರು" ಅಂದಳು. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಆ ಸಂಜೆಯ ಮುದ್ದೆಯ ರುಚಿ ಈಗಲೂ ನಾಲಿಗೆಗೆ ಬರುತ್ತದೆ.

"ಕಾಫಿ ತಗೊಳ್ಳಿ ಅಣ್ಣ." ಶಿವಾನಿ ಎಡಗೈಯಲ್ಲಿ ಲೋಟ ಹಿಡಿದು ನಿಂತಿದ್ದಳು. ಬಲ ಮೊಣಕೈಗೆ ಪಟ್ಟಿ ಸುತ್ತಿತ್ತು. ಬಾಗಿಲಲ್ಲಿ ಕರೆದಾಗ ಸೆರಗಿನ ಅಡಿಯಲ್ಲಿ ಇದ್ದದ್ದು ಕಂಡಿರಲಿಲ್ಲ.

"ಕೈಗೆ ಏನಾಯ್ತು ಮೇಡಂ?"

"ಹೋದ್ವಾರ ಗ್ರೈಂಡರ್ ಹೊಡೀತು. ಎಸೆದುಬಿಡ್ತು, ಕಟ್ಟೆ ಅಂಚಿಗೆ ಬಡೀತು ಕೈ. ನಂದೇ ತಪ್ಪು ಬಿಡಿ, ಅವಸರದಲ್ಲಿ ಮಣೆ ಹಾಕ್ಕೊಂಡಿರಲಿಲ್ಲ."

"ಮಣೆ ಅಂದ್ರೆ?"

ಅವಳು ನಕ್ಕಳು. ಈ ಮನೆಯಲ್ಲಿ ಹಿಟ್ಟು ರುಬ್ಬುವವರು ಮರದ ಮಣೆಯ ಮೇಲೆ ನಿಂತೇ ರುಬ್ಬಬೇಕು, ಪದ್ಧತಿ. ಮದುವೆಯಾಗಿ ಬಂದ ಹೊಸದರಲ್ಲಿ ಅದು ಮಡಿ ಇರಬೇಕು ಎಂದುಕೊಂಡಿದ್ದಳಂತೆ. ತವರಿನಲ್ಲಿ ಬೇರೆ ಹೇಳಿಕೊಂಡು ಹೊಗಳಿದ್ದಳಂತೆ, ನಮ್ಮತ್ತೆ ಮನೆಯಲ್ಲಿ ಎಷ್ಟು ಆಚಾರ ನೋಡಿ ಎಂದು. ಆಮೇಲೆ ಒಂದು ದಿನ ನೆಲದ ಮೇಲೆ ನಿಂತು ಮುಟ್ಟಿದಾಗ ಆಚಾರದ ಗುಟ್ಟು ಗೊತ್ತಾಯಿತು. "ಬೇರೆ ಯಾರ್ನಾದ್ರೂ ಕರೆಸಿ ನೋಡಿಸ್ಬಾರದಾ ಅಂದ್ರೆ, ಮಾವ ಇರೋವರೆಗೂ ಅಡಿಗೆಮನೆಗೆ ಯಾರನ್ನೂ ಬಿಡ್ಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ನಮ್ಮನೆಯವ್ರು ಚಿಕ್ಕೋರಿದ್ದಾಗ ಹಾಕಿದ ಪಾಯಿಂಟಂತೆ ಅದು. ಅದಕ್ಕೇ ಹಿಂಗೆ ಅಂತ ಅವ್ರನ್ನ ಆಡ್ಕೊಳ್ಳೋದು ಇವತ್ತಿಗೂ ನಿಂತಿಲ್ಲ. ಪಿಯುಸಿ ಆದ್ಮೇಲೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡ್ತೀನಿ ಅಂದ್ರಂತೆ. ಒಂದು ಪ್ಲಗ್ಗು ನೆಟ್ಟಗೆ ಹಾಕಕ್ಕೆ ಬರದೋನು ನೀನು, ಗೊಬ್ಬರದ ಅಂಗಡಿಲಿ ಕೂತ್ಕೊ ಅಂದ್ರಂತೆ ಮಾವ. ಬಲ್ಬ್ ಹೋದ್ರೂ ಮುಟ್ಟಲ್ಲ ಈಗ. ಹೆದರ್ತಾರೆ." ಅವಳು ಇದನ್ನೆಲ್ಲ ತಮಾಷೆಯಾಗಿಯೇ ಹೇಳಿ ಲೋಟ ತೆಗೆದುಕೊಂಡು ಹೋದಳು.

ಯಾರಾದರೂ ಸತ್ತುಹೋಗಿರುತ್ತಾರೆ ಎಂದು ಇಷ್ಟು ವರ್ಷ ಹೆದರಿದ್ದ. ಇದನ್ನು ಮಾತ್ರ ಅವನು ಊಹಿಸಿರಲಿಲ್ಲ. ಅವನ ಒಂದು ಮಾತು ಈ ಮನೆಯಲ್ಲಿ ಬೇರು ಬಿಟ್ಟು ಪದ್ಧತಿಯಾಗಿ ಬೆಳೆದಿದೆ, ಹೆಂಗಸರು ಅದರ ಮೇಲೆ ನಿಂತು ರುಬ್ಬುತ್ತಿದ್ದಾರೆ. ಹೂಂ ಹೂಂ ಅಂದ ಹುಡುಗ ನಲವತ್ತಾದರೂ ಬಲ್ಬಿಗೂ ಹೆದರುತ್ತಿದ್ದಾನೆ. ಕೈ ತನ್ನ ಪಾಡಿಗೆ ನಡುಮನೆಯ ಕೊನೆಯ ಬೋರ್ಡು ಮುಗಿಸುತ್ತಿತ್ತು, ತಲೆ ಲೆಕ್ಕ ಹಾಕುತ್ತಿತ್ತು. ಅಡಿಗೆಮನೆಯ ಸಾಕೆಟ್ಟು ಬಿಚ್ಚುವುದು, ಹೊಸದು ಹಾಕುವುದು, ಹಸಿರು ತಂತಿಯನ್ನು ಅದರ ಜಾಗಕ್ಕೆ ಸೇರಿಸಿ ಮುಚ್ಚುವುದು. ಐದು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ನಾಳೆಯಿಂದ ಯಾರಿಗೂ ಹೊಡೆಯುವುದೂ ಇಲ್ಲ. ಹೇಳಿ ಏನಾಗಬೇಕು? ಹೇಳಿದರೆ ನರಸೀಪುರದಲ್ಲಿ ಇನ್ನು ಯಾರು ಅವನಿಗೆ ಬಾಗಿಲು ತೆಗೆದಾರು? ಆ ಜನ ಹಂಗೇ ಕಣ್ರಿ, ಸಮಯ ಕಾದು ಕೈ ಕೊಡ್ತಾರೆ ಎಂಬ ಮಾತು ಬೀದಿಯಿಂದ ಬೀದಿಗೆ ಹೋದರೆ ಅದು ಅವನೊಬ್ಬನಿಗೆ ನಿಲ್ಲುತ್ತದೆಯೇ? ಅಷ್ಟಕ್ಕೂ ಸೀರೆ ಕಟ್ಟಿದವರು ಯಾರು? ನ್ಯಾಯ ಅವನ ಕಡೆಯೂ ಇತ್ತು. ಆದರೆ ಎಷ್ಟು ಚೆನ್ನಾಗಿ ವಾದ ಹೂಡಿದರೂ ಮಹದೇವನ ಹತ್ತಿರ ಬಂದು ಅದು ಸಿಕ್ಕಿಬೀಳುತ್ತಿತ್ತು. ಸುಮ್ಮನೆ ಸರಿಮಾಡಿ ಹೋದರೆ ಆ ಹುಡುಗನ ಹೆಸರು ಸರಿಯಾಗುವುದಿಲ್ಲ. ಯಾರೋ ಬಂದು ಮಹದೇವ ಕೆಡಿಸಿದ್ದನ್ನು ನೆಟ್ಟಗೆ ಮಾಡಿಹೋದ ಎಂದಾಗುತ್ತದೆ, ಅಷ್ಟೆ.

"ಇನ್ನು ಒಳಗಿಂದು ಮಾಡಪ್ಪ" ಅಂದರು ಮಂಗಳಮ್ಮ. ಸುಲಿದ ಕಾಳಿನ ಪಾತ್ರೆ ಎತ್ತಿಕೊಂಡು ತಾವೇ ಮುಂದೆ ಹೋದರು. ಬಾಗಿಲಿಗೆ ಏನೂ ಇರಲಿಲ್ಲ, ಬರೀ ಚೌಕಟ್ಟು. ನಿಂಗರಾಜು ಹೊಸಿಲ ಈಚೆ ನಿಂತ. ದಿನಕ್ಕೆ ನಾಲ್ಕು ಅಡಿಗೆಮನೆ ಹೊಕ್ಕು ಬರುವವನಿಗೆ ಇದೊಂದರಲ್ಲಿ ಮತ್ತೆ ಹತ್ತೊಂಬತ್ತು ವರ್ಷದವನಾದಂತಾಯಿತು. "ಬಾ, ಯಾಕೆ ನಿಂತೆ" ಅಂದರು ಮುದುಕಿ, ಹಿಂದಿರುಗಿ ನೋಡದೆ. ಒಳಗೆ ಹೋದ. ಹಾಗಾದರೆ ಇಷ್ಟು ಚಿಕ್ಕದು ಇದು. ಒಂದು ಕಟ್ಟೆ, ಒಂದು ಕಿಟಕಿ, ಕಿಟಕಿಯಾಚೆ ಕರಿಬೇವಿನ ಗಿಡ. ಮೂಲೆಯಲ್ಲಿ ಉದ್ದಿನಬೇಳೆ ತುಂಬಿಕೊಂಡು ಕಾಯುತ್ತಿರುವ ಹಳೇ ಸ್ಟೀಲ್ ಗ್ರೈಂಡರು. ಮುಚ್ಚಳ ಬಿಚ್ಚಿದ. ಕೆಂಪು, ಕಪ್ಪು ತಂತಿಗಳ ಮೈ ಕಾದು ಕಾದು ಕಂದಿಹೋಗಿತ್ತು. ಅವುಗಳ ಹಿಂದೆ, ಒಂದು ದಿನವೂ ಕೆಲಸ ಮಾಡದ ಹಸಿರು ತಂತಿ ಅಂಗಡಿಯಿಂದ ತಂದಷ್ಟೇ ಹಸಿರಾಗಿ ಮಡಚಿ ಕೂತಿತ್ತು. ಎಷ್ಟು ಅಚ್ಚುಕಟ್ಟಾಗಿ ಮಡಚಿದ್ದ ಹುಡುಗ, ಮೂರು ಮಡಿಕೆ, ತುದಿಗೆ ಟೇಪು ಬೇರೆ ಸುತ್ತಿದ್ದ. ಟೇಪು ಸುತ್ತು ಎಂದು ಇವನು ಹೇಳಿಕೊಟ್ಟಿರಲಿಲ್ಲ. ಅವನಿಗೇ ತೋಚಿತ್ತು. ಅದನ್ನು ನೋಡಿದ ಮೇಲೆ ನಿಂಗರಾಜುವಿಗೆ ಸುಮ್ಮನಿರಲು ಆಗಲಿಲ್ಲ.

"ಅವ್ವಾರೆ, ಒಂದು ಮಾತು ಯೋಳ್ಬೇಕು."

ಮಂಗಳಮ್ಮ ತಿರುಗಿದರು. ಶಿವಾನಿಯೂ ಬಾಗಿಲಿಗೆ ಬಂದು ನಿಂತಳು.

"ಈ ಪಾಯಿಂಟ್‌ನ ನಿಮ್ಮ ಮಗ ಕೆಡಿಸ್ಲಿಲ್ಲ ಕಣ್ರವ್ವ. ನಾನು ಯೋಳ್ದಂಗೇ ಹಾಕುದ್ರು. ಈ ಮನೆ ವೈರಿಂಗ್ ಮಾಡ್ದೋನು ನಾನೆಯಾ. ಅವತ್ತು ಈ ಬಾಗ್ಲಿಗೆ ಸೀರೆ ಕಟ್ಟಿದ್ರಿ. ನಾನು ಆಚೆ ನಿಂತು ಯೋಳ್ತಿದ್ದೆ. ಇಕಳ್ಳಿ, ಈ ಅಸ್ರು ವೈರು, ಇದ್ನ ಕೊಟ್ಟಿದ್ರೆ ಯಾರ್ಗೂ ಒಡೀತಿರ್ಲಿಲ್ಲ. ನಾನು ಬ್ಯಾಡ, ಮಡಚಿಡಿ ಅಂದ್ಬುಟ್ಟೆ. ಬೇಕು ಅಂತ ಗೊತ್ತಿದ್ದೇ ಅಂದೆ."

ಮುದುಕಿ ತಂತಿಯನ್ನು ನೋಡಿದರು, ಸೊಸೆಯ ಪಟ್ಟಿ ಸುತ್ತಿದ ಕೈ ನೋಡಿದರು. "ನನ್ನ ಮಗನ್ನ ಎಷ್ಟು ಅಂದಿದೀನಿ ಗೊತ್ತಾ ನಿಂಗೆ" ಅಂದರು. ದನಿ ಸಿಟ್ಟಿಗೆ ಏರಿತ್ತು. "ಯಾರ್ಗಾದ್ರೂ ಏನಾದ್ರೂ ಆಗಿದ್ರೆ? ಯಾಕಪ್ಪ ಹಂಗೆ ಅಂದೆ?"

ಈ ಪ್ರಶ್ನೆಗೆ ಉತ್ತರ ಅವನು ವರ್ಷಗಟ್ಟಲೆ ಸಿದ್ಧಮಾಡಿಟ್ಟಿದ್ದ. ಅನ್ಯಾಯ, ಅವಮಾನ, ನಾವೂ ಮನುಷ್ಯರೇ ಎಂಬ ದೊಡ್ಡ ಮಾತುಗಳೆಲ್ಲ ಅದರಲ್ಲಿದ್ದವು, ಎಲ್ಲವೂ ನಿಜವೇ. ಬಾಯಿಗೆ ಬಂದದ್ದು ಮಾತ್ರ ಬೇರೆ. "ಒಳಗೆ ನಗ್ತಿದ್ರಿ ಕಣ್ರವ್ವ. ನಂಗೆ ಒಟ್ಟೆ ಉರೀತು."

ಮಂಗಳಮ್ಮ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಹೊರಗೆ ಹಿತ್ತಿಲಿನತ್ತ ನೋಡುತ್ತ ನಿಂತರು. ಈಗ ಹೊರಗೆ ನಡಿ ಅನ್ನುತ್ತಾರೆ ಎಂದು ನಿಂಗರಾಜು ಕಾದ. ಅನ್ನಲಿ, ಆದರೆ ಈ ತಂತಿ ಕೊಟ್ಟೇ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದ.

"ನಕ್ಕಿದ್ದು ನಿನ್ನ ನೋಡೇ" ಅಂದರು ಮುದುಕಿ ಕೊನೆಗೆ. "ಬೇರೇದಕ್ಕೆ ನಕ್ವಿ ಅಂತ ಈಗ ನಾನು ಸುಳ್ಳು ಹೇಳ್ಬೋದು. ನಮ್ಮ ನಾದಿನಿ ಅಂದ್ಲು, ಸೀರೆಗೆ ಪಾಠ ಹೇಳ್ತಾವ್ನೆ ನೋಡು ಅಂತ. ನಕ್ಕುಬಿಟ್ವಿ. ಸೀರೆ ನಂದೇ. ಕಟ್ಟಿದೋಳೂ ನಾನೇ." ಈಚೆ ತಿರುಗಿ ತಂತಿಯತ್ತ ಕೈ ತೋರಿಸಿ, "ಈಗ ಸರಿಹೋಯ್ತದಾ ಅದು?" ಅಂದರು.

"ಆಯ್ತದೆ ಕಣ್ರವ್ವ. ಇತ್ತಲಲ್ಲಿ ಅರ್ತ್ ಗುಂಡಿ ಅದೆ, ಇಷ್ಟೊತ್ಗೆ ಒಣಗಿರ್ತದೆ. ನೀರು ಉಯ್ಬೇಕು."

"ಕರಿಬೇವಿನ ಬುಡದಲ್ಲಿ ಪೈಪು ಇರೋದಾ?" ಎಂದು ಕೇಳಿ ಬಕೆಟ್ಟು ಎತ್ತಿಕೊಂಡು ಅವರೇ ಹೋದರು. ಶಿವಾನಿ ನಾನು ಉಯ್ತೀನಿ ಅತ್ತೆ ಅಂದರೂ ಕೇಳಲಿಲ್ಲ. ನಿಂಗರಾಜು ಟೇಪು ಬಿಚ್ಚಿ ಹಸಿರು ತಂತಿಯನ್ನು ನೆಟ್ಟಗೆ ಮಾಡಿದ, ತುದಿ ಸುಲಿದು ತಿರುಚಿದ, ಹೊಸ ಸಾಕೆಟ್ಟಿನ ಮೇಲಿನ ತೂತಿಗೆ ಕೊಟ್ಟು ಬಿಗಿ ಮಾಡಿದ. ಮೇನ್ ಹಾಕಿ ಬಂದು ಟೆಸ್ಟ್ ಲ್ಯಾಂಪಿನ ಎರಡು ತುದಿಗಳನ್ನು ಕರೆಂಟು ಬರುವ ಫೇಸಿಗೂ ಅರ್ತಿಗೂ ಹಿಡಿದರೆ ಬಲ್ಬು ಕೆಂಡದಷ್ಟೇ ಮಂಕಾಗಿ ಕೂತಿತು. ಭೂಮಿ ಇನ್ನೂ ಕೈ ಹಿಡಿದಿಲ್ಲ ಎಂದರ್ಥ. ಕಿಟಕಿಯಾಚೆ ಎರಡನೆಯ ಬಕೆಟ್ಟು ಸುರಿದ ಸದ್ದು, ಮೂರನೆಯದು. ಇಪ್ಪತ್ತಾರು ವರ್ಷದ ಇದ್ದಿಲು ನಿಧಾನವಾಗಿ ನೀರು ಕುಡಿಯುತ್ತಿತ್ತು. ಐದನೆಯ ಬಕೆಟ್ಟಿನ ಹೊತ್ತಿಗೆ ಬಲ್ಬು ಹಳದಿಯಾಯಿತು, ಆಮೇಲೆ ಬೆಳ್ಳಗೆ ಉರಿಯತೊಡಗಿತು. "ಸಾಕು ಕಣ್ರವ್ವ, ಬಂತು" ಎಂದು ಕಿಟಕಿಯಿಂದ ಕೂಗಿ ಹೇಳಿದ.

ಮಂಗಳಮ್ಮ ಒದ್ದೆ ಕಾಲಲ್ಲೇ ಒಳಗೆ ಬಂದು ಗ್ರೈಂಡರಿನ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಕಲ್ಲು ತಿರುಗತೊಡಗಿತು. "ಮೊದ್ಲು ನೀನು ಮುಟ್ಟು" ಅಂದರು. ಅವನು ಬರಿಗಾಲಲ್ಲಿ, ಅವರ ಹೆಜ್ಜೆಯ ನೀರಿನಲ್ಲೇ ನಿಂತು, ಅಂಗೈಯನ್ನು ಸ್ಟೀಲಿನ ಮೇಲೆ ಊರಿದ. ಕಲ್ಲಿನ ಅದುರು ಬಿಟ್ಟರೆ ಮತ್ತೇನೂ ಇರಲಿಲ್ಲ. ಒಳಗೆ ಮನೆಯವರ ನಾಳಿನ ಇಡ್ಲಿ ಹಿಟ್ಟು ಬೆಳ್ಳಗೆ ಉಬ್ಬುತ್ತಿತ್ತು. ಅದು ಅವನ ಗಮನಕ್ಕೂ ಬಂತು, ಮುದುಕಿಯ ಗಮನಕ್ಕೂ ಬಂತು. ಇಬ್ಬರೂ ಹಿಟ್ಟನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮಂಗಳಮ್ಮ ಅವನ ಕೈಯ ಪಕ್ಕದಲ್ಲೇ ತಮ್ಮ ಕೈ ಇಟ್ಟರು. ಮುಖ ಗಂಟಿಕ್ಕಿಕೊಂಡೇ ಇದ್ದರು, ಆದರೆ ಕೈ ತೆಗೆಯಲಿಲ್ಲ.

"ಮಾದೇವಂಗೆ ಫೋನ್ ಹಾಕವ್ವ" ಎಂದು ಸೊಸೆಗೆ ಹೇಳಿದರು. ಅವಳು ಹಚ್ಚಿಕೊಟ್ಟ ಫೋನನ್ನು ತಾವು ಕಿವಿಗಿಟ್ಟುಕೊಳ್ಳದೆ ನಿಂಗರಾಜುವಿನ ಮುಂದೆ ಹಿಡಿದರು. "ನಾನು ಹೇಳಿದ್ರೆ ನಂಬಲ್ಲ ಅವ್ನು. ನೀನೇ ಹೇಳು."

"ಹಲೋ, ಸಾ, ನಾನು ನಿಂಗರಾಜು ಅಂತ. ನಿಮ್ಮ ಮನೆಲವ್ನಿ. ನಿಮ್ಮ ಮನೆ ವೈರಿಂಗ್ ಮಾಡ್ದೋನು ಸಾ, ಆಗ. ಅಡಿಗೆಮನೆ ಪಾಯಿಂಟ್ ನಿಮ್ಗೆ ಸೀರೆ ಆಚೆಯಿಂದ ಯೋಳ್ಕೊಟ್ಟೋನು. ತಪ್ಪು ಯೋಳ್ಕೊಟ್ಟೆ ಸಾ. ತಿಳಿದೂ ತಿಳಿದೂ. ಅದು ನಿಮ್ಮ ತಪ್ಪಲ್ಲ."

ಆ ಕಡೆ ಅಂಗಡಿಯ ಗದ್ದಲ ಕೇಳಿಸುತ್ತಿತ್ತು, ಯಾರೋ ಯೂರಿಯಾ ಮೂಟೆ ಎಣಿಸುತ್ತಿದ್ದರು. ಆ ಎಣಿಕೆ ದೂರವಾಗುತ್ತ ಹೋಗಿ ಕೇಳಿಸದಾಯಿತು. ಫೋನು ಕಟ್ಟಾಯಿತೇನೋ ಎಂದು ನಿಂಗರಾಜು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡ.

"ಹಸಿರು ವೈರ್ ಏನು ಮಾಡ್ಲಿ ಅಂತ ನಾನು ಕೇಳಿದ್ದೆ ಅಲ್ವಾ?" ಅಂದ ಮಹದೇವ. ನಲವತ್ತರ ಗಂಡಸಿನ ದನಿ ತೀರಾ ಸಣ್ಣದಾಗಿತ್ತು. "ಅಪ್ಪ ಒಪ್ಪಲೇ ಇಲ್ಲ. ಕೇಳಿರಲ್ಲ ನೀನು, ನಿಂಗೆಲ್ಲಿ ಜ್ಞಾನ ಅಂದ್ರು. ಕೊನೆಕೊನೆಗೆ ನಂಗೂ ಅನುಮಾನ ಆಗೋಯ್ತು. ಕೇಳಿದ್ದೆ ತಾನೆ?"

"ಕೇಳುದ್ರಿ ಸಾ" ಅಂದ ನಿಂಗರಾಜು. "ಸರಿಯಾಗೇ ಕೇಳುದ್ರಿ."